ಕುಡಿತವಿರುವ ಮನೆಯ ಮಗುವಿಗೆ ಕತೆ ಹೇಳುವ ಬಗೆ

ಮನೆಯಲ್ಲಿ ಅಪ್ಪನೋ ಅಣ್ಣನೋ, ಕೆಲವು ಕಡೆ ಅಮ್ಮನೋ ಕುಡಿತಕ್ಕೆ ಬಿದ್ದಾಗ ಊರಿನವರ ಗಮನವೆಲ್ಲ ಕುಡಿಯುವವರ ಮೇಲೆ ಅಥವಾ ಆ ಸಂಸಾರವನ್ನು ತೂಗಿಸುತ್ತಿರುವವರ ಮೇಲೆ ಇರುತ್ತದೆ. ಅದೇ ಮನೆಯ ಮೂಲೆಯಲ್ಲಿ ಪುಸ್ತಕ ಹಿಡಿದು ಕೂತ ಎಂಟು ವರ್ಷದ ಮಗುವನ್ನು "ಮಕ್ಕಳಿಗೇನು ಗೊತ್ತಾಗುತ್ತೆ" ಎಂದು ಎಲ್ಲರೂ ಬಿಟ್ಟುಬಿಡುತ್ತಾರೆ. ಮಕ್ಕಳಿಗೆ ಗೊತ್ತಾಗುತ್ತದೆ. ಬೇಲಿಬಾಗಿಲಿನ ದಣಪೆ ಸರಿದ ಸದ್ದಿನಿಂದಲೇ ಅಪ್ಪ ಇಂದು ಕುಡಿದು ಬಂದಿದ್ದಾನೋ ಇಲ್ಲವೋ ಎಂದು ಹೇಳಬಲ್ಲ ಮಕ್ಕಳು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹಳ್ಳಿ ಶಾಲೆಗಳಲ್ಲಿ ನಮ್ಮ ಕಣ್ಣೆದುರೇ ಕೂತಿದ್ದಾರೆ. ಇದು ತನ್ನಿಂದ ಆದದ್ದಲ್ಲ ಎಂಬ ಒಂದು ಸಂಗತಿ ಮಾತ್ರ ಅವರಿಗೆ ಯಾರೂ ಹೇಳದೆ ಗೊತ್ತಾಗುವುದಿಲ್ಲ.

ಈ ಬರಹ ಶಿಕ್ಷಕರಿಗೆ, ಅಂಗನವಾಡಿ ಕಾರ್ಯಕರ್ತೆಯರಿಗೆ, ಹಾಸ್ಟೆಲ್ ವಾರ್ಡನ್‌ಗಳಿಗೆ, ಗ್ರಾಮ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವರಿಗೆ, ಹಾಗೆಯೇ ಅಂಥ ಮಗುವಿನ ಅಜ್ಜಿಗೆ, ಚಿಕ್ಕಮ್ಮನಿಗೆ, ಪಕ್ಕದ ಮನೆಯವರಿಗೆ. ಕತೆಯಿಂದ ಯಾರ ಕುಡಿತವೂ ಬಿಡುವುದಿಲ್ಲ. ಆ ಆಸೆ ಇಟ್ಟುಕೊಂಡು ಕತೆ ಹೇಳಬಾರದು. ಮಗುವಿನ ತಲೆಯ ಮೇಲಿರುವ ಭಾರವನ್ನು ಇಳಿಸುವುದು, ಹೇಳಲಾಗದೆ ಉಳಿದದ್ದಕ್ಕೆ ಮಾತು ಕೊಡುವುದು, ನಂಬಬಹುದಾದ ಒಬ್ಬ ದೊಡ್ಡವರ ಕಡೆಗೆ ದಾರಿ ತೋರಿಸುವುದು, ಇಷ್ಟು ಕೆಲಸ ಕತೆಯಿಂದ ಆಗುತ್ತದೆ.

ಮಗು ಏನನ್ನು ಹೊತ್ತುಕೊಂಡಿದೆ

ಮೊದಲನೆಯದು ತಪ್ಪಿತಸ್ಥ ಭಾವ. "ಲೆಕ್ಕದಲ್ಲಿ ಕಡಿಮೆ ಅಂಕ ಬಂತು, ಅದಕ್ಕೇ ಅಪ್ಪ ಕುಡಿದ", "ತಂಗಿ ಅಳುವುದನ್ನು ನಾನು ನಿಲ್ಲಿಸಲಿಲ್ಲ, ಅದಕ್ಕೇ ಜಗಳ ಆಯಿತು" ಎಂದು ಮಗು ತನ್ನಲ್ಲೇ ಕಾರಣ ಹುಡುಕಿಕೊಳ್ಳುತ್ತದೆ. ಕಾರಣ ತಾನೇ ಆದರೆ ಸರಿಮಾಡುವುದೂ ತನ್ನ ಕೈಯಲ್ಲೇ ಇದೆ ಎಂಬ ಆಸೆ ಅದರ ಹಿಂದೆ ಇರುತ್ತದೆ. ಎರಡನೆಯದು ಗುಟ್ಟು. ಮನೆಯ ಮಾತು ಹೊರಗೆ ಹೋಗಬಾರದೆಂದು ಅಮ್ಮ ಮರ್ಯಾದೆಗೆ ಅಂಜಿ ಹೇಳಿದ್ದನ್ನು ಮಗು ಅಕ್ಷರಶಃ ಪಾಲಿಸುತ್ತದೆ, ಗೆಳೆಯರನ್ನು ಮನೆಗೆ ಕರೆಯುವುದಿಲ್ಲ, ಶಾಲೆಯ ಪೋಷಕರ ಸಭೆಯ ಚೀಟಿಯನ್ನು ಮನೆಗೆ ತಲುಪಿಸುವುದೂ ಇಲ್ಲ. ಮೂರನೆಯದು ಕಾಯುವಿಕೆ: ರಾತ್ರಿ ಏನಾಗುತ್ತದೋ ಎಂದು ಕಿವಿ ನಿಮಿರಿಸಿಕೊಂಡೇ ಮಲಗಿದ ಮಗು ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುತ್ತದೆ. ಶನಿವಾರ ಬಟವಾಡೆ ಆಗುವ ಊರುಗಳಲ್ಲಿ ಸೋಮವಾರದ ತರಗತಿಯನ್ನು ಗಮನಿಸಿ ನೋಡಿದರೆ ಇದು ಅರ್ಥವಾಗುತ್ತದೆ.

ಇವೆಲ್ಲದರ ಜೊತೆಗೆ ಪ್ರೀತಿ ಇದೆ. ಮಗುವಿಗೆ ಯಾರ ಭಯವೋ ಅವರ ಮೇಲೆಯೇ ಪ್ರೀತಿಯೂ ಇದೆ. ಅಪ್ಪ ಕುಡಿಯದ ದಿನ ಪೇಟೆಯಿಂದ ಮಂಡಕ್ಕಿ ತಂದುಕೊಟ್ಟದ್ದನ್ನು, ಹೊಳೆಯಲ್ಲಿ ಈಜು ಕಲಿಸಿದ್ದನ್ನು ಮಗು ಮರೆತಿರುವುದಿಲ್ಲ. ಇದನ್ನು ಗೌರವಿಸದ ಕತೆಯನ್ನು ಅದು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಲಕ್ಷಣಗಳು ಒಂದೇ ತೆರನಾಗಿರುವುದಿಲ್ಲ. ಒಬ್ಬ ಹುಡುಗ ಜಗಳಗಂಟನಾಗಬಹುದು, ಇನ್ನೊಬ್ಬ ಎಲ್ಲರನ್ನೂ ನಗಿಸುತ್ತಿರಬಹುದು. ನನ್ನ ಮಟ್ಟಿಗೆ ಹೆಚ್ಚು ಆತಂಕದ ಸಂಗತಿ, ಹತ್ತು ವರ್ಷಕ್ಕೇ ಅಮ್ಮನಂತೆ ಮನೆ ನಡೆಸುತ್ತಾ, ಶಾಲೆಯಲ್ಲೂ ಮೊದಲಿಗಳಾಗಿ, "ಎಂಥಾ ಜಾಣೆ" ಎಂದು ಹೊಗಳಿಸಿಕೊಳ್ಳುವ ಹುಡುಗಿಯದು. ಅವಳ ಕಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಲಕ್ಷಣ ಕಂಡ ಮಾತ್ರಕ್ಕೆ ಮನೆಯಲ್ಲಿ ಕುಡಿತವಿದೆ ಎಂದು ತೀರ್ಮಾನಿಸುವುದು ಸಲ್ಲದು.

ಅಮೆರಿಕದಲ್ಲಿ ಕುಡಿತದ ಮನೆಗಳ ಹದಿಹರೆಯದ ಮಕ್ಕಳಿಗೆಂದೇ 1957ರಲ್ಲಿ ಅಲಟೀನ್ ಎಂಬ ಗುಂಪುಗಳು ಆರಂಭವಾದವು. ಈ ಬಗೆಯ ಗುಂಪುಗಳಲ್ಲಿ ಮತ್ತೆ ಮತ್ತೆ ಹೇಳಿಕೊಳ್ಳುವ ಮೂರು ಮಾತುಗಳಿವೆ: ಇದಕ್ಕೆ ನಾನು ಕಾರಣವಲ್ಲ, ಇದನ್ನು ಹತೋಟಿಗೆ ತರುವುದು ನನ್ನಿಂದಾಗದು, ಇದನ್ನು ವಾಸಿಮಾಡುವುದೂ ನನ್ನಿಂದಾಗದು. ನೀವು ಹೇಳುವ ಕತೆ ಯಾವುದೇ ಇರಲಿ, ಈ ಮೂರರಲ್ಲಿ ಒಂದನ್ನಾದರೂ ಮಗುವಿಗೆ ತಲುಪಿಸಬೇಕು. ಒಂದು ಕತೆಗೆ ಒಂದೇ ಸಾಕು.

ಕತೆಗೆ ಮೊದಲಿನ ಸಿದ್ಧತೆ

ಕತೆ ಕೇಳಿದ ಮಗು ಬಾಯಿ ಬಿಡಬಹುದು. ಆ ಗಳಿಗೆಗೆ ನೀವು ಸಿದ್ಧರಿಲ್ಲದಿದ್ದರೆ ಕತೆಯನ್ನು ಮುಂದಕ್ಕೆ ಹಾಕಿ. ಮಕ್ಕಳ ಸಹಾಯವಾಣಿ 1098, ತುರ್ತು ಸಹಾಯಕ್ಕೆ 112, 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416, ವ್ಯಸನ ಬಿಡಿಸಲು ನೆರವಾಗುವ 14446, ಈ ನಾಲ್ಕು ಸಂಖ್ಯೆಗಳು ನಿಮ್ಮ ಫೋನಿನಲ್ಲಿರಲಿ. ಊರಿನಲ್ಲಿ ಸಂಜೆ ಏಳರ ಮೇಲೂ ಕರೆದರೆ ಬರುವವರು ಯಾರು ಎಂಬುದನ್ನೂ ಮೊದಲೇ ಯೋಚಿಸಿಟ್ಟುಕೊಳ್ಳಿ. ನೆಟ್‌ವರ್ಕ್ ಸಿಗದ ಹಳ್ಳಿಗಳಲ್ಲಿ ಸಹಾಯವಾಣಿಗಿಂತ ಮೊದಲು ಬೇಕಾಗುವುದು ಆಶಾ ಕಾರ್ಯಕರ್ತೆಯೋ ಮುಖ್ಯೋಪಾಧ್ಯಾಯರೋ ಜೀಪು ಇರುವ ನೆರೆಯವರೋ.

ಸಾಧ್ಯವಿದ್ದಲ್ಲಿ ಮಗುವಿನ ತಾಯಿಯೊಡನೆ ಮೊದಲು ಮಾತಾಡುವುದು ಒಳ್ಳೆಯದು. "ನಿಮ್ಮ ಯಜಮಾನರು ಕುಡೀತಾರಂತೆ" ಎಂದು ಶುರುಮಾಡಿದರೆ ಬಾಗಿಲು ಮುಚ್ಚಿಹೋಗುತ್ತದೆ. "ಇವಳು ಈಚೆಗೆ ಸಪ್ಪಗಿರ್ತಾಳೆ, ಮಧ್ಯಾಹ್ನ ಒಂದಿಷ್ಟು ಹೊತ್ತು ಕತೆ ಓದೋಣ ಅಂತ ಇದ್ದೀವಿ" ಎಂದರೆ ಸಾಕು, ಅಮ್ಮನಿಗೆ ಅರ್ಥವಾಗುತ್ತದೆ. ನೀವೂ ಅಂಥದೇ ಮನೆಯಲ್ಲಿ ಬೆಳೆದವರಾಗಿದ್ದರೆ ಕತೆಯನ್ನು ಮೊದಲು ಒಬ್ಬ ಹಿರಿಯ ಸ್ನೇಹಿತರ ಮುಂದೆ ಹೇಳಿ ನೋಡಿ, ನಿಮ್ಮ ಕಣ್ಣೀರನ್ನು ಮಗು ಸಮಾಧಾನ ಮಾಡಬೇಕಾದ ಸ್ಥಿತಿ ಬರಬಾರದು.

ಬೇಡವಾದ ಕತೆಗಳು

ಕುಡಿತದ ಕೆಡುಕು ಸಾರುವ ನೀತಿಕತೆ ಇಲ್ಲಿ ಬೇಡ. ಕುಡಿತ ಕೆಟ್ಟದ್ದೆಂದು ಈ ಮಗುವಿಗೆ ನಮಗಿಂತ ಚೆನ್ನಾಗಿ ಗೊತ್ತು. ಕುಡಿಯುವವನನ್ನು ರಾಕ್ಷಸನನ್ನಾಗಿ ಮಾಡಿದ ಕತೆಯೂ ಬೇಡ. ಯಕ್ಷಗಾನದಲ್ಲಿ ಬಣ್ಣದ ವೇಷ ಅಬ್ಬರಿಸಿ ಬಂದು ಬೆಳಗಾಗುವುದರೊಳಗೆ ಸಂಹಾರವಾಗುವುದನ್ನು ಮಲೆನಾಡಿನ ಮಕ್ಕಳು ಕಂಬಳಿ ಹೊದ್ದು ಕಣ್ಣರಳಿಸಿ ನೋಡುತ್ತಾರೆ. ಆದರೆ ಆ ಮಗುವಿನ ಅಪ್ಪ ಬೆಳಿಗ್ಗೆ ಎದ್ದು ಬಚ್ಚಲ ಒಲೆಗೆ ಬೆಂಕಿ ಹಾಕಿ, "ಏಳೋ ಮಗಾ, ಶಾಲೆಗೆ ಹೊತ್ತಾಯ್ತು" ಎಂದು ಎಬ್ಬಿಸುವವನು. ಅವನ ಸಂಹಾರದಿಂದ ಮಗುವಿಗೆ ನೆಮ್ಮದಿ ಸಿಗದು.

ಮಗಳ ಕಣ್ಣೀರಿಗೆ ಕರಗಿ ಅಪ್ಪ ಬಾಟಲಿ ಎಸೆದು ಅಂದಿನಿಂದ ಒಳ್ಳೆಯವನಾದ ಎಂಬ ಕತೆ ಎಲ್ಲಕ್ಕಿಂತ ಅಪಾಯಕಾರಿ, ಮತ್ತು ಎಲ್ಲಕ್ಕಿಂತ ಹೆಚ್ಚು ಹೇಳಲಾಗುವುದೂ ಅದೇ. ಅದನ್ನು ಕೇಳಿದ ಹುಡುಗಿ ಆ ರಾತ್ರಿ ಅಪ್ಪನ ಮುಂದೆ ಅಳುತ್ತಾಳೆ, ಅಪ್ಪ ಮರುದಿನವೂ ಕುಡಿಯುತ್ತಾನೆ, ತನ್ನ ಕಣ್ಣೀರು ಸಾಲದೇ ಹೋಯಿತೆಂದು ಅವಳು ತಿಳಿದುಕೊಳ್ಳುತ್ತಾಳೆ. ಅದಲ್ಲದೆ, ಬಹುಕಾಲ ದಿನವೂ ಹೆಚ್ಚು ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದಾಗ ಎರಡು ಮೂರು ದಿನಗಳೊಳಗೆ ಕೈನಡುಕ, ಫಿಟ್ಸ್, ಇಲ್ಲದ್ದು ಕಾಣುವ ಭ್ರಮೆ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ದೇವರ ಮುಂದೆ ಆಣೆ ಮಾಡಿದ ಮರುದಿನವೇ ಎಲ್ಲವೂ ಸರಿಹೋಯಿತು ಎಂಬ ಕತೆ ಈ ಕಾರಣಕ್ಕೂ ಸುಳ್ಳು.

ಹಳೆಯ ಕತೆಗಳನ್ನೂ ಒಮ್ಮೆ ಈ ಮಗುವಿನ ಕಿವಿಯಿಂದ ಕೇಳಿಸಿಕೊಳ್ಳಬೇಕು. ಕಾಗಕ್ಕ ಗುಬ್ಬಕ್ಕನ ಕತೆಯನ್ನೇ ತೆಗೆದುಕೊಳ್ಳಿ. ಮಳೆ ಬಂದು ಕಾಗಕ್ಕನ ಸಗಣಿ ಮನೆ ಕೊಚ್ಚಿಹೋಗುತ್ತದೆ, ಗುಬ್ಬಕ್ಕ ಒಳಗಿನಿಂದ ಮಗುವಿಗೆ ನೀರೆರೆಯುತ್ತಿದ್ದೇನೆ, ಹಾಲು ಕುಡಿಸುತ್ತಿದ್ದೇನೆ ಎಂದು ಒಂದೊಂದೇ ನೆಪ ಹೇಳುತ್ತಾ ಬಾಗಿಲು ತೆರೆಯುವುದಿಲ್ಲ. ಗಟ್ಟಿ ಮನೆಯ ಮಕ್ಕಳು ಇದಕ್ಕೆ ನಗುತ್ತಾರೆ. ರಾತ್ರಿ ಮಳೆಯಲ್ಲಿ ಅಮ್ಮನೊಂದಿಗೆ ನೆರೆಮನೆಯ ಬಾಗಿಲು ತಟ್ಟಿ ನಿಂತ ಮಗು ಅಲ್ಲಿ ಕಾಗಕ್ಕನ ಜಾಗದಲ್ಲಿ ನಿಂತು ಕೇಳುತ್ತಿರುತ್ತದೆ. ಕತೆಯನ್ನು ಬಿಡಬೇಕಾಗಿಲ್ಲ. ಮೂರನೆಯ ಸಲ ತಟ್ಟಿದಾಗ ಗುಬ್ಬಕ್ಕ ಬಾಗಿಲು ತೆರೆದು ಒಲೆಯ ಮುಂದೆ ಕೂರಿಸುವಂತೆ ಹೇಳಿದರೆ, ಬಾಯಿಂದ ಬಾಯಿಗೆ ಬದಲಾಗುತ್ತಲೇ ಬಂದ ಕತೆಗೆ ಅದರಿಂದ ಏನೂ ಕೆಡುಕಾಗದು.

ಹೊಸ ಕತೆ ಕಟ್ಟುವುದು

ಚಿಕ್ಕ ಮಕ್ಕಳಿಗೆ ಹಕ್ಕಿ, ಪ್ರಾಣಿಗಳ ಕತೆ ಒಳ್ಳೆಯದು, ಏಕೆಂದರೆ ಅದು ತನ್ನ ಮನೆಯ ಕತೆ ಎಂದು ಒಪ್ಪಿಕೊಳ್ಳದೆಯೂ ಮಗು ಕೇಳಬಹುದು. ಹೆಸರಿಡುವುದಾದರೆ ತರಗತಿಯಲ್ಲಿ, ಕೇರಿಯಲ್ಲಿ ಯಾರಿಗೂ ಇಲ್ಲದ ಹೆಸರಿಡಿ. ಕತೆಯ ಮರಿ ಬುದ್ಧಿವಂತನೂ ಸಾಹಸಿಯೂ ಆಗಿರಬೇಕಿಲ್ಲ. ಕುಡಿಯುವ ಪಾತ್ರಕ್ಕೆ ಒಂದು ಒಳ್ಳೆಯ ಗುಣವಾದರೂ ಇರಲಿ. ಮರಿಯ ಮಾತನ್ನು ನಂಬುವ ದೊಡ್ಡ ಪಾತ್ರವೊಂದು ಇರಲೇಬೇಕು. ಮಾದರಿಗೆ ಒಂದನ್ನು ಇಲ್ಲಿ ಕೊಡುತ್ತಿದ್ದೇನೆ. ಇದನ್ನು ಹಾಗೆಯೇ ಹೇಳಬಹುದು, ಬದಲಿಸಿಯೂ ಹೇಳಬಹುದು.

ಆಗುಂಬೆಯ ಕಾಡಿನ ಒಂದು ದೊಡ್ಡ ಮರದ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿಗಳ ಮನೆ. ಅಮ್ಮ ಮಂಗಟ್ಟೆ ಮರಿಯೊಂದಿಗೆ ಒಳಗೇ ಇದ್ದು, ಕೊಕ್ಕು ತೂರುವಷ್ಟು ಸಂದಿ ಬಿಟ್ಟು ಪೊಟರೆಯ ಬಾಯನ್ನು ಮುಚ್ಚಿಕೊಂಡಿತ್ತು. ಅಪ್ಪ ಮಂಗಟ್ಟೆ ದಿನವೂ ಕಾಡೆಲ್ಲ ಸುತ್ತಿ ಅತ್ತಿಹಣ್ಣು ತಂದು ಆ ಸಂದಿಯಲ್ಲಿ ಕೊಡುತ್ತಿತ್ತು. ಒಂದು ದಿನ ಬಗನಿ ಮರಕ್ಕೆ ಕಟ್ಟಿದ್ದ ಕಳ್ಳಿನ ಮಡಕೆ ಅಪ್ಪನ ಕಣ್ಣಿಗೆ ಬಿತ್ತು. ಸ್ವಲ್ಪ ಕುಡಿಯಿತು. ಮರುದಿನ ಮತ್ತೆ ಕುಡಿಯಿತು. ಆಮೇಲಾಮೇಲೆ "ಇವತ್ತು ಬೇಡ" ಎಂದುಕೊಂಡೇ ಹೊರಟರೂ ರೆಕ್ಕೆ ಅದನ್ನು ಬಗನಿ ಮರಕ್ಕೇ ಒಯ್ಯುತ್ತಿತ್ತು. ಕೆಲವು ಸಂಜೆ ಹಣ್ಣು ತಂದು ಹಾಡು ಹೇಳುತ್ತಿತ್ತು. ಕೆಲವು ಸಂಜೆ ಮರ ನಡುಗುವಂತೆ ಕೊಕ್ಕಿನಿಂದ ಕುಟ್ಟುತ್ತಿತ್ತು. ಕೆಲವು ಸಂಜೆ ಬರುತ್ತಲೇ ಇರಲಿಲ್ಲ.

ಮರಿ ಯೋಚಿಸಿತು: "ಮೊನ್ನೆ ಹಸಿವು ಹಸಿವು ಎಂದು ನಾನು ಕಿರುಚಿದೆ, ಅಪ್ಪನಿಗೆ ಬೇಜಾರಾಯಿತು." ಮಾರನೆಯ ದಿನ ಅದು ಬಾಯಿ ಮುಚ್ಚಿಕೊಂಡು ಕೂತಿತು. ಅಪ್ಪ ಬರಲಿಲ್ಲ. "ನಾನು ಜಾಸ್ತಿ ತಿನ್ನುತ್ತೇನೆ" ಎಂದುಕೊಂಡು ಅರ್ಧ ಹಣ್ಣು ಮಾತ್ರ ತಿಂದಿತು. ಆಗಲೂ ಅಪ್ಪ ಬರಲಿಲ್ಲ. ಪಕ್ಕದ ಕೊಂಬೆಯ ಕೆಂಜಳಿಲಜ್ಜಿಗೆ ಅನುಮಾನ ಬಂತು. "ಏನು ಮರೀ, ಎರಡು ದಿನದಿಂದ ನಿನ್ನ ದನಿಯೇ ಇಲ್ಲ?" ಮರಿ ಸಂದಿಯಿಂದ ಕೊಕ್ಕು ತೂರಿಸಿ ಮೆಲ್ಲಗೆ ಎಲ್ಲವನ್ನೂ ಹೇಳಿತು. ಅಜ್ಜಿ ಕೇಳಿತು: "ನೀನು ಕಿರುಚಿದ ದಿನ ಅಪ್ಪ ಮಡಕೆಯ ಹತ್ತಿರ ಹೋಯಿತಾ?" "ಹೋಯಿತು." "ಸುಮ್ಮನಿದ್ದ ದಿನ?" "ಆಗಲೂ ಹೋಯಿತು." "ಹಾಗಾದರೆ ನಿನ್ನ ಕೂಗಿಗೂ ಆ ಮಡಕೆಗೂ ಏನು ಸಂಬಂಧ ಹೇಳು? ಅಪ್ಪನಿಗೆ ಮಡಕೆಯ ಕಾಯಿಲೆ ಹಿಡಿದಿದೆ. ಅದನ್ನು ಬಿಡಿಸುವುದು ದೊಡ್ಡ ಹಕ್ಕಿಗಳ ಕೆಲಸ. ಮರಿಗಳ ಕೆಲಸ ಉಣ್ಣುವುದು, ಕೂಗುವುದು, ರೆಕ್ಕೆ ಬಲಿಸುವುದು." ಅಮ್ಮ ಆ ದಿನವೇ ಪೊಟರೆಯ ಗೋಡೆ ಒಡೆದು ಹಣ್ಣಿಗೆ ಹೊರಟಿತು. ಅಜ್ಜಿ ಪೊಟರೆಯ ಬಾಯಲ್ಲಿ ಕೂತು "ಮರ ನಡುಗಿದರೆ ಕೂಗು, ನಾನು ಬರುತ್ತೇನೆ" ಎಂದಿತು. ಮರಿ ಅಂದು ಮನಸಾರೆ ಕೂಗಿ, ಹೊಟ್ಟೆ ತುಂಬ ತಿಂದು ಮಲಗಿತು.

ಈ ಕತೆಯಲ್ಲಿ ಅಪ್ಪ ಕುಡಿತ ಬಿಟ್ಟಿತೇ ಎಂಬುದು ಬರುವುದಿಲ್ಲ, ಮಕ್ಕಳು ಕೇಳಿದರೆ "ಗೊತ್ತಿಲ್ಲ, ನಿನಗೇನನ್ನಿಸುತ್ತೆ?" ಎನ್ನಬಹುದು. ಮರಿ ಸುಮ್ಮನಿದ್ದು ನೋಡುವುದು, ಕಡಿಮೆ ತಿಂದು ನೋಡುವುದು, ಇವು ಕುಡಿತದ ಮನೆಯ ಮಕ್ಕಳು ನಿಜವಾಗಿ ಮಾಡುವ ಪ್ರಯತ್ನಗಳು, ಆದ್ದರಿಂದ ಆ ಭಾಗವನ್ನು ಅವಸರದಲ್ಲಿ ದಾಟಬೇಡಿ. "ರೆಕ್ಕೆ ಅದನ್ನು ಒಯ್ಯುತ್ತಿತ್ತು" ಎಂಬ ಮಾತಿನಲ್ಲಿ ವ್ಯಸನವೆಂದರೇನೆಂದು ಆರು ವರ್ಷದ ಮಗುವಿಗೂ ತಿಳಿಯುತ್ತದೆ. ಹತ್ತು ವರ್ಷ ದಾಟಿದವರಿಗೆ ಮನುಷ್ಯರ ಕತೆಯೇ ಹೇಳಬಹುದು, ಪ್ಯಾಕೆಟ್, ಬಾರು, ಗಾಂಜಾ ಎಂದು ಇದ್ದದ್ದನ್ನು ಇದ್ದ ಹಾಗೆಯೇ ಹೆಸರಿಸಬಹುದು. ಪ್ರೌಢಶಾಲೆಯವರು ಹಕ್ಕಿ ಕತೆ ಎಂದರೆ ಮುಖ ತಿರುಗಿಸುತ್ತಾರೆ. ಒಬ್ಬ ಹುಡುಗ ಗೆಳೆಯನಿಗೆ ಬರೆದ ಪತ್ರದ ರೂಪದಲ್ಲಿ ಕತೆಯಿದ್ದರೆ ಅವರು ಓದಿಕೊಳ್ಳುತ್ತಾರೆ.

ಹೇಳುವ ಹೊತ್ತು, ಹೇಳುವ ಕ್ರಮ

ಆ ಒಂದು ಮಗುವನ್ನೇ ಕರೆದು ಎದುರಿಗೆ ಕೂರಿಸಿಕೊಂಡು ಹೇಳಬೇಡಿ. ನಾಲ್ಕಾರು ಮಕ್ಕಳ ನಡುವೆ ಅದೂ ಒಬ್ಬಳಾಗಿರಲಿ, ನಿಮ್ಮ ಕಣ್ಣು ಅವಳ ಮೇಲೆಯೇ ನೆಟ್ಟಿರದಿರಲಿ. ಮನೆಯವರಾದರೆ ಕೈಗೆಲಸದ ಹೊತ್ತು ಬಹಳ ಅನುಕೂಲ: ಅಡಿಕೆ ಸುಲಿಯುವ ಕಾಲದಲ್ಲಿ ಜಗುಲಿಯ ಮೇಲೆ ಅಕ್ಕಪಕ್ಕ ಕೂತು, ಕಣ್ಣು ಮೆಟ್ಟುಗತ್ತಿಯ ಮೇಲೋ ಸಿಪ್ಪೆಯ ರಾಶಿಯ ಮೇಲೋ ಇರುವಾಗ, ಮುಖ ನೋಡಿ ಹೇಳಲಾಗದ್ದನ್ನು ಮಕ್ಕಳು ಹೇಳಿಬಿಡುತ್ತಾರೆ. ಶಾಲೆಯಲ್ಲಿ ಕೊನೆಯ ಅವಧಿಗೆ ಈ ಕತೆ ಬೇಡ. ಕೇಳಿದ ಕೂಡಲೇ ಮಗು ಅದೇ ಮನೆಗೆ ಹೋಗಬೇಕಾಗುತ್ತದೆ. ಬೆಳಿಗ್ಗೆಯೋ ಊಟದ ನಂತರವೋ ಹೇಳಿ, ಆಮೇಲೆ ಒಂದಿಷ್ಟು ಆಟಕ್ಕೆ ಬಿಡಿ. 2020ರಲ್ಲಿ ಪಂಚಾಯಿತಿ ಗ್ರಂಥಾಲಯಗಳಲ್ಲಿ ಶುರುವಾದ "ಓದುವ ಬೆಳಕು" ಕಾರ್ಯಕ್ರಮದಿಂದ ಹಳ್ಳಿಯ ಮಕ್ಕಳಿಗೆ ಗ್ರಂಥಾಲಯದ ಬಳಕೆಯಾಗಿದೆ, ಅಲ್ಲಿನ ಶನಿವಾರದ ಓದಿಗೂ ಇದು ಹೊಂದುತ್ತದೆ.

ನಡುವೆ ಎರಡು ಕಡೆ ನಿಲ್ಲಿಸಿ, "ಮರಿಗೆ ಈಗ ಏನನ್ನಿಸುತ್ತಿರಬಹುದು?" ಎಂದು ಕೇಳಿ. ಪ್ರಶ್ನೆ ಯಾವಾಗಲೂ ಮರಿಯ ಬಗ್ಗೆಯೇ ಇರಲಿ. "ನಿಮ್ಮನೇಲೂ ಹೀಗೇನಾ?" ಎಂದು ಅಪ್ಪಿತಪ್ಪಿಯೂ ಕೇಳಬಾರದು, ಬೇರೆ ಮಕ್ಕಳ ಎದುರಿಗಂತೂ ಕೂಡದು. ಕತೆ ಮುಗಿದ ಮೇಲೆ "ಇದರಿಂದ ಏನು ಕಲಿತಿರಿ?" ಎನ್ನುವ ಅಭ್ಯಾಸವನ್ನು ಈ ಒಂದು ಸಲ ಬಿಟ್ಟುಬಿಡಿ. ಬದಲಿಗೆ ಚಿತ್ರ ಬರೆಯಲು ಹಾಳೆ ಕೊಡಿ, ಕೊನೆಯನ್ನು ಬದಲಿಸಿ ಹೇಳಲು ಬಿಡಿ. ಮಗುವೊಂದು ಅಪ್ಪ ಹಕ್ಕಿಯನ್ನು ಕೊಂದುಹಾಕಬಹುದು, ಇನ್ನೊಂದು ಮಡಕೆ ಒಡೆದುಹಾಕಬಹುದು. ತಿದ್ದದೆ ಕೇಳಿ. ಅದೇ ಕತೆಯನ್ನು ಮತ್ತೆ ಹೇಳಿ ಎಂದರೆ ಬೇಸರಿಸದೆ ಹೇಳಿ, ಮಗುವಿಗೆ ಬೇಕಾದದ್ದು ಅಲ್ಲೆಲ್ಲೋ ಇದೆ ಎಂದು ಅರ್ಥ.

ಮಗು ಬಾಯಿ ಬಿಟ್ಟಾಗ

"ಟೀಚರ್, ನಮ್ಮಪ್ಪನೂ ಹಂಗೇ" ಎಂದು ಮಗು ಹೇಳಿದಾಗ ಗಾಬರಿಯನ್ನೂ ಅಯ್ಯೋ ಎಂಬ ಮರುಕವನ್ನೂ ಮುಖದಲ್ಲಿ ತೋರಬೇಡಿ. "ನೀನು ಹೇಳಿದ್ದು ಒಳ್ಳೇದಾಯ್ತು ಪುಟ್ಟಾ. ಇದರಲ್ಲಿ ನಿನ್ನ ತಪ್ಪೇನೂ ಇಲ್ಲ" ಎಂದು ಹೇಳಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿರಿ. ಅಪ್ಪನನ್ನು ಬಯ್ಯಬೇಡಿ. "ಯಾರಿಗೂ ಹೇಳಲ್ಲ" ಎಂದು ಭಾಷೆ ಕೊಡಬೇಡಿ. "ನಿನಗೆ ಸಹಾಯ ಮಾಡುವಂಥ ಒಬ್ಬರಿಗೆ ಮಾತ್ರ ಹೇಳ್ತೀನಿ, ಯಾರಿಗೆ ಅಂತ ನಿನಗೆ ಮೊದಲು ತಿಳಿಸ್ತೀನಿ" ಎಂಬುದು ಉಳಿಸಿಕೊಳ್ಳಬಹುದಾದ ಮಾತು.

ಹೊಡೆತ, ಉಪವಾಸ, ರಾತ್ರಿ ಮನೆಯಿಂದ ಹೊರಹಾಕುವುದು ಇದ್ದರೆ 1098ಕ್ಕೆ ತಿಳಿಸಿ. ಪ್ರತಿ ಜಿಲ್ಲೆಯಲ್ಲೂ ಮಕ್ಕಳ ರಕ್ಷಣಾ ಘಟಕ ಮತ್ತು ಮಕ್ಕಳ ಕಲ್ಯಾಣ ಸಮಿತಿ ಇವೆ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಗೊತ್ತಾದವರ ಕರ್ತವ್ಯ, ಮನೆಯ ಮರ್ಯಾದೆಯ ನೆಪಕ್ಕೆ ಅಲ್ಲಿ ಜಾಗವಿಲ್ಲ. ಅಂಗಡಿಯಿಂದ ಪ್ಯಾಕೆಟ್ ತರಲು ಮಗುವನ್ನೇ ಕಳಿಸುತ್ತಿದ್ದರೆ, ಮಕ್ಕಳಿಗೆ ಮದ್ಯ ಕೊಡುವುದೂ ಅವರ ಕೈಯಲ್ಲಿ ಮದ್ಯ ಸಾಗಿಸುವುದೂ 2015ರ ಬಾಲನ್ಯಾಯ ಕಾಯ್ದೆಯಡಿ 7 ವರ್ಷದವರೆಗಿನ ಶಿಕ್ಷೆಗೆ, 1 ಲಕ್ಷ ರೂಪಾಯಿವರೆಗಿನ ದಂಡಕ್ಕೆ ದಾರಿಯಾಗುವ ಅಪರಾಧವೆಂಬುದನ್ನು ಅಂಗಡಿಯವರಿಗೆ ತಿಳಿಸಿ. ಆ ಮಾತನ್ನು ಮೊದಲೇ ಬಸವಳಿದಿರುವ ತಾಯಿಯನ್ನು ಹೆದರಿಸಲು ಬಳಸಬೇಡಿ.

ತಪ್ಪಿಸಿಕೊಳ್ಳುವ ದಾರಿ

ಕತೆಯ ಮರಿ ಕಷ್ಟ ಬಂದಾಗ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಗು ಗಟ್ಟಿಯಾಗಿ ನೆನಪಿಡುತ್ತದೆ. ಆದ್ದರಿಂದ ಇಲ್ಲಿ ನೆಲದ ಅರಿವು ಬೇಕು. ಬಯಲುಸೀಮೆಯಲ್ಲಿ ಓಡಿ ಪಕ್ಕದ ಮನೆ ಸೇರಬಹುದು. ನಮ್ಮ ಮಲೆನಾಡಿನಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ತೋಟ, ಗದ್ದೆ, ಹಳ್ಳ. ಜುಲೈ ತಿಂಗಳ ರಾತ್ರಿ ಕರೆಂಟಿಲ್ಲದ ಹೊತ್ತಿನಲ್ಲಿ ಹಳ್ಳದ ಮೇಲಿನ ಜಾರುವ ಕಾಲುಸಂಕ ದಾಟಿ ನೆರೆಮನೆಗೆ ಓಡಿದ ಮರಿಯ ಕತೆಯನ್ನು ಹೇಳಿದರೆ, ಮಗುವನ್ನು ಒಂದು ಅಪಾಯದಿಂದ ಇನ್ನೊಂದಕ್ಕೆ ತಳ್ಳಿದಂತಾಗುತ್ತದೆ. ಅಂಥ ಮನೆಗಳಿಗೆ ಕತೆಯ ಮರಿ ಕತ್ತಲಾಗುವ ಮೊದಲೇ ಅಜ್ಜಿಯ ಬಳಿ ಹೋಗಲಿ, ಅಥವಾ ಮನೆಯೊಳಗೇ ಅಮ್ಮನ ಜೊತೆ ಚಿಲಕವಿರುವ ಕೋಣೆ ಸೇರಲಿ, ಅಥವಾ ಫೋನಿನಲ್ಲಿ ಗೊತ್ತುಮಾಡಿಕೊಂಡ ಒಂದು ಮಾತು ಹೇಳಿ ದೊಡ್ಡಮ್ಮನನ್ನು ಕರೆಸಿಕೊಳ್ಳಲಿ. ತಾಯಿಯೊಂದಿಗೆ ಕೂತು ಆ ಮನೆಗೆ ಯಾವುದು ಸರಿ ಎಂದು ನಿರ್ಧರಿಸಿದ ಮೇಲೆಯೇ ಅದನ್ನು ಕತೆಗೆ ಸೇರಿಸಿ. ಮರಿ ಅಮ್ಮನನ್ನು ಕಾಪಾಡಲು ನಡುವೆ ನುಗ್ಗುವ ಸನ್ನಿವೇಶ ಎಂದಿಗೂ ಬೇಡ.

ಚಿಕಿತ್ಸೆ ಶುರುವಾದ ಮೇಲೆ

ಕುಡಿಯುವವರು ಚಿಕಿತ್ಸೆಗೆ ಒಪ್ಪಿದರೆ ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ಬರುತ್ತಾರೆ, ಯಾವ ಮಂಗಳವಾರವೆಂದು ಅಲ್ಲಿಯೇ ವಿಚಾರಿಸಿಕೊಳ್ಳಬೇಕು. ಅಪ್ಪ ಕೆಲವು ದಿನ ಮನೆಯಲ್ಲಿಲ್ಲದಿರುವುದನ್ನು ಮಗುವಿಗೆ "ಕೆಲಸಕ್ಕೆ ಹೋಗಿದ್ದಾರೆ" ಎಂದು ಸುಳ್ಳು ಹೇಳಬೇಡಿ. ಅಪ್ಪ ಮಂಗಟ್ಟೆ ಕಾಡಿನಾಚೆಯ ವೈದ್ಯ ಹಕ್ಕಿಯ ಬಳಿ ಹೋಯಿತು, ಮೊದಲ ದಿನಗಳಲ್ಲಿ ಅದರ ರೆಕ್ಕೆ ನಡುಗಿತು, ಅಲ್ಲಿಯವರು ನೋಡಿಕೊಂಡರು ಎಂದು ಕತೆಯನ್ನೇ ಮುಂದುವರಿಸಿ.

ಮನೆಗೆ ಮರಳಿದ ಮೇಲೂ ಕುಡಿತ ಮತ್ತೆ ಶುರುವಾಗುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಮಗು ಆಗ ಹಿಂದಿಗಿಂತ ಹೆಚ್ಚು ಕುಸಿಯುತ್ತದೆ, ಏಕೆಂದರೆ ನಡುವೆ ಅದು ಆಸೆಪಟ್ಟಿರುತ್ತದೆ. ಕತೆಯಲ್ಲಿ ಅಪ್ಪ ಮಂಗಟ್ಟೆ ಒಂದು ದಿನ ಮತ್ತೆ ಬಗನಿ ಮರದ ಕಡೆ ಹಾರಿದ್ದೂ, ಆಮೇಲೆ ಮತ್ತೆ ವೈದ್ಯ ಹಕ್ಕಿಯ ಬಳಿ ಹೋದದ್ದೂ ಮೊದಲೇ ಬಂದಿದ್ದರೆ ಮಗುವಿಗೆ ಅದು ಲೋಕ ಮುಳುಗಿದಂತೆ ಅನಿಸದು. ಆ ಸಲವೂ ಕೆಂಜಳಿಲಜ್ಜಿ ಕೇಳುವ ಪ್ರಶ್ನೆ ಅದೇ ಇರಲಿ: ನೀನು ಕೂಗಿದ್ದಕ್ಕೂ ಅದಕ್ಕೂ ಏನು ಸಂಬಂಧ?

ಮಳೆಗೆ ಶಾಲೆಗಳು ರಜೆ ಕೊಡುವ ಮುನ್ನ, ಬೇಸಿಗೆ ರಜೆಗೂ ಮುನ್ನ, ಇಂಥ ಮಗುವಿನ ಚೀಲದಲ್ಲಿ ಎರಡು ಕತೆ ಪುಸ್ತಕ, ಬರೆಯಲು ಒಂದು ಖಾಲಿ ನೋಟ್‌ಬುಕ್ ಇರುವಂತೆ ನೋಡಿಕೊಳ್ಳಿ, ನಿಮ್ಮ ಫೋನ್ ಸಂಖ್ಯೆಯನ್ನು ಅದಕ್ಕೆ ಬಾಯಿಪಾಠ ಮಾಡಿಸಿ. ನೋಟ್‌ಬುಕ್ಕಿನಲ್ಲಿ ಏನು ಬರೆದೆ ಎಂದು ರಜೆ ಮುಗಿದ ಮೇಲೆ ಕೇಳಬೇಡಿ; ತೋರಿಸಬೇಕೆನ್ನಿಸಿದಾಗ ತಾನಾಗಿಯೇ ತಂದು ತೋರಿಸುತ್ತದೆ.